ಕಂಡಕ್ಟರ್ ಜೇಬಿನ ಕಾಗದ

ಈ ಬೇಸಿಗೆ ರಜೆಗೆ ಬೆಂಗಳೂರಿನಿಂದ ಮೊಮ್ಮಗಳು ಅಂಜನಾಪುರಕ್ಕೆ ಬಂದಿದ್ದಳು. ಏಳನೇ ತರಗತಿಯ ಹುಡುಗಿ. ಡ್ಯಾಮಿನ ಕಡೆ ಎರಡು ದಿನ ತಿರುಗಾಡಿ ಕುಮುದ್ವತಿಯ ನೀರು ನೋಡಿಯಾದ ಮೇಲೆ ಅವಳಿಗೆ ಉಳಿದ ಕೆಲಸವೆಂದರೆ ನನ್ನ ಬೆನ್ನು ಹತ್ತಿ ಪ್ರಶ್ನೆ ಕೇಳುವುದು.

ಒಂದು ದಿನ ನನ್ನ ತಂಗಿಗೆ ವಂಶವೃಕ್ಷದ ಜೆರಾಕ್ಸ್ ಕಳಿಸಬೇಕಾಗಿತ್ತು. ತಂಗಿ ಇರುವುದು ಸೊರಬದಿಂದ ಒಂದಿಷ್ಟು ಒಳಗಿನ ಹಳ್ಳಿಯಲ್ಲಿ. ಕವರಿನೊಳಗೆ ಜೆರಾಕ್ಸ್ ಹಾಕಿ, ಎರಡು ಸಾಲಿನ ಚೀಟಿ ಬರೆದಿಟ್ಟು, ಅಂಟಿಸಿ, ಶಿಕಾರಿಪುರದ ಬಸ್ ಸ್ಟ್ಯಾಂಡಿಗೆ ಹೋಗಿ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟೆ. ಆತ ಕವರನ್ನು ಮಡಿಚಿ ಜೇಬಿಗೆ ತುರುಕಿಕೊಂಡ. ಐವತ್ತು ರೂಪಾಯಿ ಕೊಡಲು ಹೋದರೆ, "ಇರ್ಲಿ ಬಿಡಿ ಸಾರ್" ಅಂದ. ಮಲೆನಾಡಿನ ಬಸ್ಸುಗಳಲ್ಲಿ ಇದೇನೂ ಹೊಸದಲ್ಲ. ಹಾಲು, ಹೂವು, ಔಷಧಿ, ಟ್ರ್ಯಾಕ್ಟರಿನ ಬಿಡಿಭಾಗ, ಪಂಚಾಂಗ ಎಲ್ಲವೂ ಬಸ್ಸಿನಲ್ಲೇ ಬರುತ್ತವೆ.

ಮೊಮ್ಮಗಳು ಕೇಳಿದಳು: "ಅಜ್ಜ, ಲೆಟರ್ ಅಂದ್ರೆ ಸ್ಟಾಂಪ್ ಹಚ್ಚಬೇಕಲ್ವಾ? ಅವರು ಪೋಸ್ಟಿನವರಾ?"

ನನಗೆ ನಗು ಬಂತು. "ಎರಡು ವರ್ಷದ ಹಿಂದೆ ನೀನು ಇದನ್ನು ಕೇಳಿದ್ದರೆ, ನಾನೂ ಅವನೂ ಇಬ್ಬರೂ ಅಪರಾಧಿಗಳು ಅಂತ ಹೇಳಬೇಕಾಗಿತ್ತು" ಅಂದೆ. ಅವಳು ನಂಬಲಿಲ್ಲ. ನೀವೂ ನಂಬಲಿಕ್ಕಿಲ್ಲ. ಆದರೆ ನಿಜ.

1898ರಲ್ಲಿ ಬ್ರಿಟಿಷರು ಮಾಡಿದ ಭಾರತೀಯ ಅಂಚೆ ಕಚೇರಿ ಕಾಯ್ದೆ ಎಂಬುದೊಂದಿತ್ತು. ಅದರ ನಾಲ್ಕನೇ ಕಲಮಿನ ಪ್ರಕಾರ, ದೇಶದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪತ್ರ ಸಾಗಿಸುವ ಹಕ್ಕು ಸರ್ಕಾರಕ್ಕೆ ಮಾತ್ರ. ಪತ್ರ ಸಂಗ್ರಹಿಸುವುದು, ಸಾಗಿಸುವುದು, ಬಟವಾಡೆ ಮಾಡುವುದು ಎಲ್ಲವೂ ಸರ್ಕಾರದ ಸೊತ್ತು. ಬೇರೆಯವರು ಮಾಡಿದರೆ ಒಂದೊಂದು ಪತ್ರಕ್ಕೂ ಐವತ್ತು ರೂಪಾಯಿವರೆಗೆ ದಂಡ. ಒಮ್ಮೆ ಶಿಕ್ಷೆಯಾದವನು ಮತ್ತೆ ಮಾಡಿದರೆ ಐನೂರರವರೆಗೆ. ಸಾಗಿಸಿದವನಿಗೆ ಮಾತ್ರವಲ್ಲ, ಹಾಗೆ ಕಳಿಸಿದವನಿಗೂ ದಂಡ. 1898ರಲ್ಲಿ ಐವತ್ತು ರೂಪಾಯಿ ಎಂದರೆ ಹುಡುಗಾಟವಲ್ಲ. ತಮಾಷೆಯೆಂದರೆ ಆಮೇಲೆ ಆಣೆ ಹೋಗಿ ಪೈಸೆ ಬಂತು, ಆ ಪೈಸೆಯೂ ಬೆಲೆ ಕಳೆದುಕೊಂಡಿತು, ದಂಡದ ಮೊತ್ತ ಮಾತ್ರ ಐವತ್ತರಲ್ಲೇ ಕೂತಿತ್ತು.

ಕಾಯ್ದೆ ಬರೆದವರು ದಡ್ಡರಲ್ಲ. ಊರಿನ ಜನ ಒಬ್ಬರ ಕೈಯಲ್ಲಿ ಒಬ್ಬರು ಕಾಗದ ಕೊಟ್ಟು ಕಳಿಸುವುದನ್ನು ತಡೆಯಲಾಗದು ಎಂದು ಗೊತ್ತಿತ್ತು. ಅದಕ್ಕೆ ಮೂರು ರಿಯಾಯಿತಿ ಇಟ್ಟರು. ಒಂದು, ಪ್ರಯಾಣ ಹೊರಟ ಸ್ನೇಹಿತ ಯಾವ ಕೂಲಿ, ಪ್ರತಿಫಲ ಇಲ್ಲದೆ ಪತ್ರ ಒಯ್ದು ಕೊಡಬಹುದು. ಎರಡು, ಪತ್ರದ ವಿಷಯ ಕಳಿಸುವವನದು ಅಥವಾ ಪಡೆಯುವವನದು ಮಾತ್ರ ಆಗಿದ್ದರೆ, ಅದಕ್ಕೆಂದೇ ಆಳನ್ನು ಕಳಿಸಬಹುದು. ಮೂರು, ಸರಕಿನ ಜೊತೆ ಆ ಸರಕಿಗೆ ಮಾತ್ರ ಸಂಬಂಧಪಟ್ಟ ಪತ್ರ ಹೋಗಬಹುದು, ಅದಕ್ಕೆ ಬೇರೆ ಕೂಲಿ ಪಡೆಯಬಾರದು.

ಈ "ಮಾತ್ರ" ಎಂಬ ಶಬ್ದವನ್ನು ಗಮನಿಸಿ. ನಮ್ಮ ಕಡೆಯ ರೈತ ಶಿವಮೊಗ್ಗದ ಮಂಡಿಗೆ ಅಡಿಕೆ ಮೂಟೆ ಹೇರಿಸಿ, ಲಾರಿಯವನ ಕೈಯಲ್ಲಿ "ಹತ್ತು ಮೂಟೆ ಕಳಿಸಿದ್ದೇನೆ, ತೂಕ ನೋಡಿ ದರ ತಿಳಿಸಿ" ಎಂದು ಚೀಟಿ ಕೊಟ್ಟರೆ ಅದು ಕಾನೂನಿಗೆ ಒಪ್ಪಿಗೆ. ಅದೇ ಚೀಟಿಯ ಕೊನೆಗೆ "ಅತ್ತೆಗೆ ಜ್ವರ, ನಿಮ್ಮ ಮನೆಯಲ್ಲಿ ಹೇಳಿಬಿಡಿ" ಎಂದು ಒಂದು ಸಾಲು ಸೇರಿಸಿದನೋ, ರಿಯಾಯಿತಿ ಮುಗಿಯಿತು. ಅತ್ತೆಯ ಜ್ವರ ಅಡಿಕೆಗೆ ಸಂಬಂಧಪಟ್ಟದ್ದಲ್ಲವಲ್ಲ!

ಇನ್ನು ಬಸ್ಸಿನ ವಿಷಯ. ಐದನೇ ಕಲಮಿನಲ್ಲಿ ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಸಾಗಿಸುವುದನ್ನೇ ಕಸುಬು ಮಾಡಿಕೊಂಡವರು, ಅವರ ನೌಕರರು ಮತ್ತು ಏಜೆಂಟರನ್ನು ಬೇರೆಯಾಗಿ ಹೆಸರಿಸಿ ನಿಷೇಧಿಸಿದ್ದರು. ತಮ್ಮ ಗಾಡಿಯಲ್ಲಿರುವ ಸರಕಿನ ಚೀಟಿ ಬಿಟ್ಟು ಬೇರೆ ಪತ್ರವನ್ನು ಅವರು ಮುಟ್ಟುವಂತಿಲ್ಲ. ಒಂದು ಪೈಸೆ ತೆಗೆದುಕೊಳ್ಳದೆ ಉಪಕಾರಕ್ಕೆ ಒಯ್ದರೂ ತಪ್ಪೇ. ಅಂದರೆ ಒಂದೇ ಬಸ್ಸು, ಒಂದೇ ಕವರು ಎಂದುಕೊಳ್ಳಿ. ಕಿಟಕಿ ಪಕ್ಕ ಕೂತ ನನ್ನ ಗೆಳೆಯನ ಜೇಬಿನಲ್ಲಿದ್ದರೆ ಅದು ಸ್ನೇಹ. ಬ್ಯಾಂಕಿನ ಪ್ಯೂನ್ ಅದನ್ನೇ ಕೈಯಲ್ಲಿ ಹಿಡಿದು ಟಿಕೆಟ್ ತೆಗೆದು ಕೂತರೆ ಅದು ಆಳಿನ ಮೂಲಕ ಕಳಿಸಿದ್ದು. ಅದೇ ಕವರು ಕಂಡಕ್ಟರ್ ಜೇಬಿಗೆ ಹೋದರೆ ಅಪರಾಧ. ಅದೇ ಬಸ್ಸಿನ ಮೂಲೆಯಲ್ಲಿ ಅರಗಿನ ಮುದ್ರೆ ಒತ್ತಿದ ಅಂಚೆ ಚೀಲವೂ ಕೂತಿರುತ್ತಿತ್ತು ಎನ್ನುವುದನ್ನು ಮರೆಯಬೇಡಿ. ರೈಲಿಲ್ಲದ ನಮ್ಮ ತಾಲ್ಲೂಕಿಗೆ ಟಪಾಲು ಬರುತ್ತಿದ್ದುದೇ ಬಸ್ಸಿನಲ್ಲಿ.

ಈ ಕಲಮುಗಳನ್ನು ನಾನು ಪುಸ್ತಕ ಓದಿ ಕಲಿತವನಲ್ಲ. ಬೈಸಿಕೊಂಡು ಕಲಿತವನು.

ಎಂಬತ್ತರ ದಶಕದ ಮೊದಲ ಭಾಗ. ಸೊರಬ ತಾಲ್ಲೂಕಿನ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಗುಮಾಸ್ತ. ಬಿ.ಕಾಂ. ಮಾಡಿದ ನನಗೆ ಲೆಡ್ಜರಿನ ಜೊತೆ ಟಪಾಲಿನ ಕೆಲಸವೂ ಅಂಟಿಕೊಂಡಿತ್ತು. ಬಂದ ಟಪಾಲಿಗೆ ಒಂದು ರಿಜಿಸ್ಟರ್, ಹೋದ ಟಪಾಲಿಗೆ ಒಂದು, ಸ್ಟಾಂಪಿನ ಖರ್ಚಿಗೆ ಇನ್ನೊಂದು. ಆಗ ಕಂಪ್ಯೂಟರ್ ಇರಲಿಲ್ಲ. ಪರ ಊರಿನ ಚೆಕ್ಕು, ಡ್ರಾಫ್ಟು, ಮೇಲ್ ಟ್ರಾನ್ಸ್‌ಫರ್ ಎಲ್ಲ ಕವರಿನಲ್ಲೇ ಪ್ರಯಾಣ ಮಾಡುತ್ತಿದ್ದವು. ಸಂಜೆ ಟಪಾಲು ಕಟ್ಟುವ ಹೊತ್ತಿಗೆ ಸ್ಟಾಂಪ್ ನೆಕ್ಕಿ ನೆಕ್ಕಿ ನಾಲಿಗೆ ಒಣಗುತ್ತಿತ್ತು. ಆಮೇಲೆ ಒಂದು ಸ್ಪಂಜಿನ ಡಬ್ಬಿ ಕೊಟ್ಟರು.

ಒಬ್ಬ ರೈತರು ಬಂದರು. ಮಗ ಡಿಪ್ಲೊಮಾ ಮುಗಿಸಿ ಒಂದು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ. ಅರ್ಜಿ, ಅದರ ಜೊತೆ ಶುಲ್ಕದ ಡಿ.ಡಿ. ಶಿವಮೊಗ್ಗದ ಒಂದು ಕಚೇರಿಗೆ ಎರಡೇ ದಿನದಲ್ಲಿ ಮುಟ್ಟಬೇಕು. ಹುಡುಗನಿಗೆ ಕಾಮಾಲೆ, ಹಾಸಿಗೆ ಬಿಟ್ಟು ಏಳುವಂತಿಲ್ಲ. ಅಪ್ಪನಿಗೆ ಶಿವಮೊಗ್ಗ ಗೊತ್ತಿಲ್ಲ. "ಅಂಚೆಗೆ ಹಾಕಿದರೆ ಮುಟ್ಟುತ್ತದೋ ಇಲ್ಲವೋ, ನೀವೇ ಏನಾದ್ರೂ ಮಾಡಿ ಸ್ವಾಮಿ" ಅಂದರು. ನಾನು ಬುದ್ಧಿವಂತನಾದೆ. ಡಿ.ಡಿ.ಯನ್ನೂ ಅರ್ಜಿಯನ್ನೂ ಒಂದೇ ಕವರಿಗೆ ಹಾಕಿ, ಮಧ್ಯಾಹ್ನದ ಬಸ್ಸಿನ ಕಂಡಕ್ಟರಿಗೆ ಕೊಟ್ಟು, ಶಿವಮೊಗ್ಗದ ಬಸ್ ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳುವಂತೆ ಅಲ್ಲಿನ ಪರಿಚಯದ ಗುಮಾಸ್ತರೊಬ್ಬರಿಗೆ ಟ್ರಂಕ್ ಕಾಲ್ ಮಾಡಿ ಹೇಳಿದೆ.

ಅವರು ಬಸ್ ಸ್ಟ್ಯಾಂಡಿಗೆ ಹೋದರು. ಕವರು ಇರಲಿಲ್ಲ. ದಾರಿಯಲ್ಲಿ ಕಂಡಕ್ಟರ್ ಬದಲಾಗಿದ್ದ. ಮೊದಲಿನವನು ಡ್ರೈವರಿಗೆ ಕೊಟ್ಟೆ ಅಂದ, ಡ್ರೈವರ್ ನನಗೆ ಗೊತ್ತಿಲ್ಲ ಅಂದ. ಒಂಬತ್ತನೇ ದಿನ ಬಸ್ಸಿನ ಸಾಮಾನು ಪೆಟ್ಟಿಗೆಯಲ್ಲಿ, ಸ್ಪ್ಯಾನರುಗಳ ಕೆಳಗೆ, ಗ್ರೀಸ್ ಮೆತ್ತಿಕೊಂಡು ಸಿಕ್ಕಿತು. ಡಿ.ಡಿ. ರದ್ದು ಮಾಡಿ ಹಣ ವಾಪಸು ಕೊಡುವುದು ಸುಲಭ. ಅರ್ಜಿಯ ತಾರೀಖನ್ನು ವಾಪಸು ಕೊಡುವುದು ಹೇಗೆ?

ಬಸ್ಸಿನ ಮಾಲೀಕರ ಮೇಲೆ ದೂರು ಬರೆಯುತ್ತೇನೆಂದು ನಾನು ಹಾರಾಡಿದೆ. ನಮ್ಮ ಮ್ಯಾನೇಜರು ಹಳೆಯ ಕಾಲದವರು. ತಣ್ಣಗೆ ಕೇಳಿದರು: "ಏನಂತ ಬರೀತೀಯಪ್ಪ? ನಾನು ಕಾನೂನು ಮುರಿದು ಒಂದು ಪತ್ರ ಕೊಟ್ಟೆ, ಅವನು ಕಾನೂನು ಮುರಿದು ತಗೊಂಡ, ಆದರೆ ಸರಿಯಾಗಿ ಮುರೀಲಿಲ್ಲ ಅಂತಲೋ?" ಆಮೇಲೆ ಬೀರುವಿನಿಂದ ಕಾಯ್ದೆಯ ಪುಸ್ತಕ ತೆಗೆಸಿ ನನ್ನಿಂದಲೇ ಓದಿಸಿದರು. ಪ್ಯೂನ್ ಕೈಯಲ್ಲಿ ಕಳಿಸಿದ್ದರೆ ಬಸ್ ಚಾರ್ಜು ಹೋಗುತ್ತಿತ್ತು ಅಷ್ಟೆ, ಕಾನೂನೂ ಉಳಿಯುತ್ತಿತ್ತು, ಹುಡುಗನ ಅರ್ಜಿಯೂ ಉಳಿಯುತ್ತಿತ್ತು. ಆ ರೈತರು ನನ್ನನ್ನು ಬೈಯಲಿಲ್ಲ. "ಅವನ ಹಣೇಬರಹ ಬಿಡಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಹುಡುಗ ಆಮೇಲೆ ಏನಾದ ಎಂದು ತಿಳಿಯುವ ಮೊದಲೇ ನನಗೆ ವರ್ಗವಾಯಿತು.

ಹಾಗಾದರೆ ಸರ್ಕಾರಕ್ಕೆ ಈ ಹಠ ಯಾಕೆ? ಪತ್ರ ಯಾರು ಒಯ್ದರೇನು ಎಂದು ನನಗೂ ಅನ್ನಿಸಿತ್ತು. ಉತ್ತರ ಹಳೆಯ ಕಾಲದಲ್ಲಿದೆ.

ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸಪಕ್ಷಿ. ನಳನ ಸುದ್ದಿಯನ್ನು ದಮಯಂತಿಗೆ ಒಯ್ದ ಹಂಸದ ಕಥೆ ಮಕ್ಕಳಿಗೆಲ್ಲ ಗೊತ್ತು. ಕೂಲಿ ಪಡೆಯಲಿಲ್ಲ, ಸ್ನೇಹಕ್ಕೆ ಒಯ್ದದ್ದು, ಆದ್ದರಿಂದ ಆ ಹಂಸ ಮೊದಲನೇ ರಿಯಾಯಿತಿಯೊಳಗೆ ಬರುತ್ತದೆ ಎಂದು ನಮ್ಮ ಮ್ಯಾನೇಜರು ನಗಿಸುತ್ತಿದ್ದರು. ಮೈಸೂರಿನಲ್ಲಿ ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅಂಚೆಯ ಏರ್ಪಾಡು ನೆಲೆಗೊಂಡಿತು. ನಮ್ಮ ಸೀಮೆ ಆಗ ಮೈಸೂರಿನದಲ್ಲ, ಕೆಳದಿಯ ನಾಯಕರದು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಮೇಲೆ ಮೈಸೂರಿನ ಕೈಗೆ ಹೋಯಿತು. ಆ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋಯಿತು. ಅದಾದ ಒಂಬತ್ತು ವರ್ಷಕ್ಕೆ ನಾನು ಹೇಳಿದ ಕಾಯ್ದೆ ಬಂತು.

ಏಕಸ್ವಾಮ್ಯ ಮಾತ್ರ ಅದಕ್ಕಿಂತ ಹಳೆಯದು. ಉತ್ತರದ ಕಡೆ ವರ್ತಕರು, ಸಾಹುಕಾರರು ತಮ್ಮ ಹುಂಡಿ, ಕಾಗದಗಳಿಗೆ ತಮ್ಮದೇ ಓಟಗಾರರನ್ನು ಇಟ್ಟುಕೊಂಡಿದ್ದರು. 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ತನ್ನ ಸೀಮೆಯಲ್ಲಿ ಕೂಲಿಗೆ ಪತ್ರ ಸಾಗಿಸುವ ಹಕ್ಕು ತನ್ನದು ಮಾತ್ರ ಎಂದು ಕಾಯ್ದೆ ಮಾಡಿತು. ಆಗಿನ ಉದ್ದೇಶ ಆದಾಯವೂ ಹೌದು, ಯಾರು ಯಾರಿಗೆ ಬರೆಯುತ್ತಾರೆ ಎಂಬುದರ ಮೇಲೆ ಒಂದು ಕಣ್ಣೂ ಹೌದು. ನಿಜವಾದ ಬದಲಾವಣೆ ಬಂದದ್ದು 1854ರಲ್ಲಿ. ಅದಕ್ಕೆ ಮೊದಲು ದೂರ ಹೆಚ್ಚಾದಷ್ಟೂ ಅಂಚೆಯ ದರ ಹೆಚ್ಚು. 1854ರಿಂದ ದೂರದ ಲೆಕ್ಕ ಹೋಯಿತು, ತೂಕದ ಲೆಕ್ಕ ಬಂತು. ಕಾಲು ತೊಲ ತೂಕದೊಳಗಿನ ಪತ್ರಕ್ಕೆ ದೇಶದ ಯಾವ ಮೂಲೆಗಾದರೂ ಅರ್ಧ ಆಣೆ. ಇಂಗ್ಲೆಂಡಿನಲ್ಲಿ ರೋಲಂಡ್ ಹಿಲ್ ಎಂಬಾತ 1840ರಲ್ಲಿ ಒಂದು ಪೆನ್ನಿಯ ಅಂಚೆ ಶುರುಮಾಡಿಸಿದ್ದ, ಅದರದೇ ದಾರಿ ಇದು.

ಒಂದೇ ದರ ಎಂದ ಮೇಲೆ ಅದನ್ನು ಕಾಯುವುದಕ್ಕೆ ಬೇಲಿ ಬೇಕಾಗುತ್ತದೆ. ಯಾಕೆಂದು ಮೊಮ್ಮಗಳಿಗೆ ಹೇಳಿದ ಲೆಕ್ಕವನ್ನೇ ಹೇಳುತ್ತೇನೆ. ಇದು ಬರೀ ಉದಾಹರಣೆಯ ಲೆಕ್ಕ. ಬೆಂಗಳೂರಿನ ಒಂದು ರಸ್ತೆಯಲ್ಲಿ ನೂರು ಕಾಗದ ಹಂಚಬೇಕು, ಒಂದೊಂದಕ್ಕೆ ಖರ್ಚು ಒಂದು ರೂಪಾಯಿ. ಅಂಜನಾಪುರದ ಆಚೆಯ ಹಳ್ಳಿಗೆ ಒಂದೇ ಕಾಗದ, ಸೈಕಲ್ ತುಳಿದು ಹೋಗಿ ಬರಲು ಖರ್ಚು ಇಪ್ಪತ್ತು. ಅಂಚೆಯವರು ಎಲ್ಲರ ಹತ್ತಿರವೂ ಐದೈದು ರೂಪಾಯಿ ತೆಗೆದುಕೊಂಡರೆ ಪೇಟೆಯ ಕಾಗದದಲ್ಲಿ ಉಳಿದದ್ದು ಹಳ್ಳಿಯ ಕಾಗದದ ಕೊರತೆಯನ್ನು ತುಂಬುತ್ತದೆ. ಈಗ ಒಬ್ಬ ಖಾಸಗಿಯವನು ಬಂದು, "ಪೇಟೆಯ ಕಾಗದ ನನಗೆ ಕೊಡಿ, ಮೂರೇ ರೂಪಾಯಿ" ಅಂದ ಎನ್ನಿ. ಎಲ್ಲರೂ ಕೊಡುತ್ತಾರೆ. ರಾಶಿ ಅಡಿಕೆಯನ್ನೆಲ್ಲ ಆರಿಸಿಕೊಂಡು ಸಿಪ್ಪೆಗೋಟು ಬಿಟ್ಟುಹೋದ ವ್ಯಾಪಾರಿಯ ಹಾಗೆ. ಅಂಚೆಯವರ ಪಾಲಿಗೆ ಉಳಿದದ್ದು ಇಪ್ಪತ್ತು ರೂಪಾಯಿ ಖರ್ಚಿನ ಕಾಗದ, ಐದು ರೂಪಾಯಿ ಆದಾಯ.

"ಹಂಗಾದ್ರೆ ಕಂಡಕ್ಟರ್ ಅಂಕಲ್ ನಿಮ್ಮ ಕಾಗದ ತಗೊಂಡು ಹಳ್ಳಿ ಕಾಗದಕ್ಕೆ ಮೋಸ ಮಾಡಿದ್ರಾ?" ಎಂದಳು. ಮಕ್ಕಳು ಸರಿಯಾದ ಜಾಗಕ್ಕೇ ಚುಚ್ಚುತ್ತಾರೆ. ಒಂದು ಕಾಗದದಿಂದ ಏನೂ ಆಗದು ಎಂದು ಹೇಳಿ ತಪ್ಪಿಸಿಕೊಂಡೆ. ಬ್ಯಾಂಕಿನಲ್ಲಿ ಸಾಲ ಕಟ್ಟದವರೂ ಇದನ್ನೇ ಹೇಳುತ್ತಿದ್ದರು.

ಆದರೆ ಬೇಲಿಗೆ ಇನ್ನೊಂದು ಮುಖವೂ ಇದೆ. ಲಂಡನ್ನಿನಲ್ಲಿ 1680ರಲ್ಲಿ ವಿಲಿಯಂ ಡಾಕ್ರಾ ಎಂಬ ವ್ಯಾಪಾರಿ ನಗರದೊಳಗೆ ಒಂದು ಪೆನ್ನಿಗೆ ಕಾಗದ ಮುಟ್ಟಿಸುವ ಖಾಸಗಿ ಅಂಚೆ ತೆರೆದ. ಸರ್ಕಾರಿ ಅಂಚೆ ಮಾಡದ ಕೆಲಸವದು. ಜನ ಮುಗಿಬಿದ್ದರು. ಅಂಚೆಯ ಆದಾಯ ಆಗ ರಾಜನ ತಮ್ಮನಾದ ಯಾರ್ಕ್ ಡ್ಯೂಕನಿಗೆ ಹೋಗುತ್ತಿತ್ತು. ಎರಡೇ ವರ್ಷಕ್ಕೆ ಡಾಕ್ರಾನ ಅಂಚೆಯನ್ನು ಮುಚ್ಚಿಸಿ ಸರ್ಕಾರವೇ ಅದನ್ನು ನಡೆಸಿತು. ಅಮೆರಿಕದಲ್ಲಿ 1844ರಲ್ಲಿ ಲೈಸಾಂಡರ್ ಸ್ಪೂನರ್ ಎಂಬ ವಕೀಲ ಸರ್ಕಾರಿ ಅಂಚೆಗಿಂತ ಕಡಿಮೆ ದರಕ್ಕೆ ಕಾಗದ ಒಯ್ಯುವ ಕಂಪನಿ ಮಾಡಿದ. ಅವನನ್ನೂ ಕಾನೂನಿನಿಂದ ಕಟ್ಟಿಹಾಕಿದರು. ಆದರೆ ಮರುವರ್ಷವೇ ಅಲ್ಲಿನ ಸರ್ಕಾರ ತನ್ನ ಅಂಚೆ ದರ ಇಳಿಸಬೇಕಾಯಿತು. ಪಕ್ಕದಲ್ಲಿ ಇನ್ನೊಂದು ಅಂಗಡಿ ಇದ್ದರೆ ಮಾತ್ರ ಕೆಲವರು ತಕ್ಕಡಿ ಸರಿಯಾಗಿ ಹಿಡಿಯುತ್ತಾರೆ, ಸರ್ಕಾರವೂ ಹಾಗೇ.

ಅಮೆರಿಕದಲ್ಲಿ ಇವತ್ತಿಗೂ ಆ ಬೇಲಿ ಇದೆ. ಖಾಸಗಿಯವರು ಪತ್ರ ಒಯ್ಯಬೇಕಾದರೆ ಮೊದಲ ದರ್ಜೆಯ ಸಾಮಾನ್ಯ ಪತ್ರದ ದರದ ಆರು ಪಟ್ಟಾದರೂ ಹಣ ಪಡೆಯಬೇಕು, ಇಲ್ಲವೇ ಪತ್ರ ಸುಮಾರು 354 ಗ್ರಾಂ ಆದರೂ ತೂಗಬೇಕು. ಅಷ್ಟೇ ಅಲ್ಲ, ಮನೆಯ ಮುಂದಿನ ಅಂಚೆ ಡಬ್ಬಿಯೊಳಗೆ ಸ್ಟಾಂಪಿಲ್ಲದ ಕಾಗದ ಹಾಕುವುದೂ ತಪ್ಪು. ಅಲ್ಲಿರುವ ನಮ್ಮ ನೆಂಟರ ಹುಡುಗ ಗಣೇಶನ ಹಬ್ಬದ ಕರೆಯೋಲೆಯನ್ನು ಅಕ್ಕಪಕ್ಕದ ಮನೆಯ ಡಬ್ಬಿಗಳಿಗೆ ಹಾಕಿ ಬಂದು ನೆರೆಯವರಿಂದ ಪಾಠ ಹೇಳಿಸಿಕೊಂಡ. ಇಲ್ಲಾದರೆ ಬಾಗಿಲ ಸಂದಿಯಲ್ಲಿ ಮದುವೆ ಕಾಗದ ಸಿಕ್ಕಿಸಿ ಬರುವವರೇ ನಾವು.

ನಮ್ಮ ದೇಶದಲ್ಲಿ ಎಂಬತ್ತರ ದಶಕದಲ್ಲಿ ಕೊರಿಯರ್ ಕಂಪನಿಗಳು ಪೇಟೆ ಪೇಟೆಯಲ್ಲೂ ಎದ್ದವು. ಅಂಚೆ ಇಲಾಖೆ 1986ರ ಆಗಸ್ಟ್‌ನಲ್ಲಿ ಸ್ಪೀಡ್ ಪೋಸ್ಟ್ ಶುರುಮಾಡಿತು. ಕಾನೂನು ಹಾಗೇ ಇತ್ತು, ಕೊರಿಯರ್ ಹುಡುಗರೂ ಓಡಾಡುತ್ತಿದ್ದರು. ಅದು ಹೇಗೆ? 1898ರ ಕಾಯ್ದೆಯಲ್ಲಿ ಪತ್ರ ಎಂದರೇನು ಎಂಬ ವಿವರಣೆಯೇ ಇರಲಿಲ್ಲ. ಪೋಸ್ಟ್ ಕಾರ್ಡೂ ಪತ್ರವೇ ಎಂದು ಹೇಳಿ ಸುಮ್ಮನಾಗಿದ್ದರು. ಕೊರಿಯರಿನವರು ರಸೀದಿಯಲ್ಲಿ ಪತ್ರ ಎಂದು ಬರೆಯುತ್ತಲೇ ಇರಲಿಲ್ಲ, "ಡಾಕ್ಯುಮೆಂಟ್" ಎಂದು ಬರೆಯುತ್ತಿದ್ದರು. ಜೊತೆಗೆ ಈ ಅಪರಾಧಕ್ಕೆ ಯಾರೋ ದಾರಿಹೋಕ ಕೋರ್ಟಿಗೆ ಹೋಗುವಂತಿರಲಿಲ್ಲ. ಅಂಚೆ ಇಲಾಖೆಯ ಮಹಾನಿರ್ದೇಶಕರೋ ಪೋಸ್ಟ್ ಮಾಸ್ಟರ್ ಜನರಲ್ಲರೋ ಅಧಿಕಾರ ಕೊಟ್ಟು ದೂರು ಕೊಡಿಸಬೇಕು. ಪತ್ರಕ್ಕೆ ಐವತ್ತು ರೂಪಾಯಿಯ ದಂಡಕ್ಕಾಗಿ ಯಾರು ಕೋರ್ಟು ಹತ್ತುತ್ತಾರೆ?

ಇನ್ನೂ ವಿಚಿತ್ರವೆಂದರೆ ಉಳಿದ ಕಾನೂನುಗಳು ಕೊರಿಯರನ್ನು ಒಳಗೆ ಕರೆದುಕೊಂಡವು. 2002ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆ ತಿದ್ದುಪಡಿಯಾಗಿ, ಹೈಕೋರ್ಟ್ ಒಪ್ಪಿದ ಕೊರಿಯರ್ ಮೂಲಕವೂ ಸಮನ್ಸ್ ಕಳಿಸಬಹುದು ಎಂದಾಯಿತು. ಅದೇ ವರ್ಷ ಬ್ಯಾಂಕುಗಳು ಅಡಮಾನದ ಆಸ್ತಿ ವಶಪಡಿಸಿಕೊಳ್ಳುವ ಕಾನೂನಿನ ನಿಯಮಗಳು ಬಂದವು, ಸಾಲಗಾರನಿಗೆ ನೋಟಿಸು ಕೊಡಲು ಅದರಲ್ಲೂ ಕೊರಿಯರ್ ಸೇರಿತ್ತು. 2013ರ ಕಂಪನಿ ಕಾಯ್ದೆಯಲ್ಲೂ ಇದೆ. ನಾನೇ ನಿವೃತ್ತಿಗೆ ಮೊದಲು ಇಂಥ ನೋಟಿಸುಗಳನ್ನು ಕೊರಿಯರಿಗೆ ಕಟ್ಟಿಕೊಟ್ಟಿದ್ದೇನೆ. ಒಂದು ಕಾನೂನು ಬೇಡ ಎನ್ನುತ್ತಿತ್ತು, ಇನ್ನೊಂದು ಬಾ ಎನ್ನುತ್ತಿತ್ತು. ಕಂಡಕ್ಟರ್ ಕವರಿನ ಪಾಠ ಕಲಿತಿದ್ದ ನಾನು ಪ್ರತಿಸಲವೂ ಮುಖ್ಯ ನೋಟಿಸನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲೂ ಒಂದು ಪ್ರತಿ ಕಳಿಸುತ್ತಿದ್ದೆ. ಸರಿಯಾದ ವಿಳಾಸ ಬರೆದು, ದುಡ್ಡು ಕಟ್ಟಿ ರಿಜಿಸ್ಟರ್ ಮಾಡಿದರೆ ಮುಟ್ಟಿತೆಂದೇ ಭಾವಿಸುವ ಅವಕಾಶ 1897ರ ಸಾಮಾನ್ಯ ಖಂಡಗಳ ಕಾಯ್ದೆಯಲ್ಲಿದೆ.

ಕೊರಿಯರ್ ರಸೀದಿಯ ಹಿಂಭಾಗವನ್ನು ನೀವು ಎಂದಾದರೂ ಓದಿದ್ದೀರಾ? ಇರುವೆ ಸಾಲಿನಂಥ ಅಕ್ಷರದಲ್ಲಿ ನಷ್ಟ ಪರಿಹಾರಕ್ಕೆ ಮಿತಿ ಬರೆದಿರುತ್ತಾರೆ. ಭಾರತಿ ನಿಟಿಂಗ್ ಕಂಪನಿ ಎಂಬ ಉಡುಪಿನ ಕಂಪನಿ ಜರ್ಮನಿಗೆ ಕೊರಿಯರಿನಲ್ಲಿ ಕಳಿಸಿದ ಕಾಗದಪತ್ರ ಮುಟ್ಟಲಿಲ್ಲ. ನಷ್ಟ ದೊಡ್ಡದು. 1996ರಲ್ಲಿ ಸುಪ್ರೀಂ ಕೋರ್ಟ್, ರಸೀದಿಯಲ್ಲಿ ಸಹಿ ಹಾಕಿ ಒಪ್ಪಿದ ಮಿತಿಯೇ ಅಂತಿಮ ಎಂದಿತು. ಸಿಕ್ಕಿದ್ದು ನೂರು ಡಾಲರ್. ಅಂಚೆಯವರೇನು ಕಡಿಮೆಯಲ್ಲ, ಪತ್ರ ಕಳೆದರೆ ಸರ್ಕಾರ ಹೊಣೆಯಲ್ಲ ಎಂದು 1898ರ ಕಾಯ್ದೆಯ ಆರನೇ ಕಲಮಿನಲ್ಲೇ ಬರೆದುಕೊಂಡಿದ್ದರು.

ಕೊನೆಗೆ ಸಂಸತ್ತು 2023ರ ಡಿಸೆಂಬರಿನಲ್ಲಿ ಹೊಸ ಅಂಚೆ ಕಚೇರಿ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 2024ರ ಜೂನ್ 18ರಿಂದ ಅದು ಜಾರಿಗೆ ಬಂದು 1898ರದು ರದ್ದಾಯಿತು. ಹೊಸದರಲ್ಲಿ ಪತ್ರ ಸಾಗಿಸುವ ಏಕಸ್ವಾಮ್ಯ ಇಲ್ಲ. ಅಂಚೆ ಚೀಟಿ ಹೊರಡಿಸುವ ಹಕ್ಕೊಂದನ್ನು ಮಾತ್ರ ತನಗೇ ಉಳಿಸಿಕೊಂಡಿದೆ. ನೂರಿಪ್ಪತ್ತೈದು ವರ್ಷ ನಿಂತಿದ್ದ ಬೇಲಿ ಸದ್ದಿಲ್ಲದೆ ಹೋಯಿತು. ಪೇಪರಿನ ಒಳಪುಟದಲ್ಲಿ ಸುದ್ದಿ ಓದಿ, ಇನ್ನು ನಮ್ಮ ಬಸ್ಸಿನ ಕಂಡಕ್ಟರು ಈ ಕಾಯ್ದೆಯ ಅಪರಾಧಿಯಲ್ಲ ಎಂದು ಹೆಂಡತಿಗೆ ಹೇಳಿದೆ. "ಅವನು ಯಾವತ್ತು ಆಗಿದ್ದ?" ಅಂದಳು.

ಬೇಲಿ ಹೋದದ್ದಕ್ಕೆ ನನಗೆ ದುಃಖವಿಲ್ಲ. ಯಾರೂ ಪಾಲಿಸದ, ಯಾರೂ ಪಾಲಿಸಿರೆಂದು ಕೇಳದ ಕಾನೂನು ಇದ್ದೂ ಸತ್ತಂತೆ. ನನ್ನ ಚಿಂತೆ ಬೇಲಿಯದಲ್ಲ, ಅದರೊಳಗಿದ್ದ ಬೆಳೆಯದು.

ಕಳೆದ ವರ್ಷ ಪಕ್ಕದ ಮನೆಯ ಅಕ್ಕನಿಗೆ ಒಂದು ಬ್ಯಾಂಕಿನಿಂದ ಎ.ಟಿ.ಎಂ. ಕಾರ್ಡ್ ಬರಬೇಕಿತ್ತು. ಎಪ್ಪತ್ತೆಂಟು ವರ್ಷ, ಒಬ್ಬರೇ ಇರುವವರು. ಗಂಡನ ಪಿಂಚಣಿ ಆ ಖಾತೆಗೇ ಬರುತ್ತದೆ. ಕೊರಿಯರಿನಿಂದ ಫೋನ್ ಬಂತು: "ಅಂಜನಾಪುರಕ್ಕೆ ಬರಲ್ಲ, ಶಿಕಾರಿಪುರಕ್ಕೆ ಬಂದು ತಗೊಂಡು ಹೋಗಿ." ಮಂಡಿನೋವಿನಲ್ಲಿ ಅಂದು ಹೋಗಲಾಗಲಿಲ್ಲ. ಮೂರನೇ ದಿನ ನಾನು ಕರೆದುಕೊಂಡು ಹೋದರೆ, "ಮನೆ ಬಾಗಿಲು ಹಾಕಿತ್ತು" ಎಂದು ಬರೆದು ಕಾರ್ಡನ್ನು ವಾಪಸು ಕಳಿಸಿಯಾಗಿತ್ತು. ಅಕ್ಕನ ಮನೆಯ ಬಾಗಿಲು ಹಗಲಿನಲ್ಲಿ ಹಾಕಿದ್ದನ್ನು ನಾನಂತೂ ನೋಡಿಲ್ಲ.

ಕೊರಿಯರ್ ಹುಡುಗನ ಮೇಲೆ ಕೂಗಾಡಿದೆ. ಪಾಪ, ಆಮೇಲೆ ಅವನೇ ತನ್ನ ಲೆಕ್ಕ ಹೇಳಿದ. ಮುಟ್ಟಿಸಿದ ಒಂದೊಂದು ಪೊಟ್ಟಣಕ್ಕೆ ಇಷ್ಟು ಎಂದು ಅವನಿಗೆ ಕೂಲಿ. ಪೆಟ್ರೋಲು ಅವನದೇ. ಊರಿನೊಳಗೆ ಐವತ್ತು ಪೊಟ್ಟಣ ಹಂಚುವ ಹೊತ್ತಿನಲ್ಲಿ ಒಂದಕ್ಕಾಗಿ ನಮ್ಮ ಹಳ್ಳಿಗೆ ಬಂದರೆ ಅವತ್ತಿನ ಅನ್ನ ಹೋಯಿತು. ನಾನು ಮೊಮ್ಮಗಳಿಗೆ ಹೇಳಿದ ಬೆಂಗಳೂರು–ಅಂಜನಾಪುರದ ಲೆಕ್ಕವೇ ಅದು. ಅವನು ಅದನ್ನು ಬೈಕಿನ ಮೇಲೆ ಕೂತು ಮಾಡಿದ್ದ. ಎರಡನೇ ಸಲ ಕಾರ್ಡನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುವಂತೆ ಅಕ್ಕನಿಂದ ಅರ್ಜಿ ಬರೆಸಿದೆ. ಅಂಚೆಯಣ್ಣ ಮನೆಯ ಜಗಲಿಗೆ ಬಂದು, ಸಹಿ ಹಾಕಿಸಿಕೊಂಡು ಕೊಟ್ಟು ಹೋದರು.

ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಳಲ್ಲೇ. ಅವುಗಳನ್ನು ಸಾಕುವ ಖರ್ಚು ಪೇಟೆಯ ಪತ್ರಗಳಿಂದ ಬರುವ ಕಾಲ ಹೇಗೂ ಮುಗಿದಿತ್ತು. ಪತ್ರಗಳೇ ಇಲ್ಲವಲ್ಲ! ಡೆನ್ಮಾರ್ಕ್ ದೇಶದಲ್ಲಿ ಸರ್ಕಾರಿ ಅಂಚೆ ಕಳೆದ ಡಿಸೆಂಬರಿನ ಕೊನೆಗೆ ಪತ್ರ ಹಂಚುವುದನ್ನೇ ನಿಲ್ಲಿಸಿತು. ಅಲ್ಲೀಗ ಕಾಗದ ಒಯ್ಯುವವರು ಖಾಸಗಿಯವರು. ಇಂಗ್ಲೆಂಡ್ 2006ರಲ್ಲೇ ತನ್ನ ಅಂಚೆಯ ಏಕಸ್ವಾಮ್ಯ ಬಿಟ್ಟಿತ್ತು. ಡೆನ್ಮಾರ್ಕಿನ ಜನ ಹೆಚ್ಚಿನ ಸರ್ಕಾರಿ ಕೆಲಸವನ್ನು ಫೋನಿನಲ್ಲೇ ಮಾಡಿಕೊಳ್ಳುತ್ತಾರಂತೆ, ಅವರಿಗೆ ನಡೆದೀತು. ನಮ್ಮ ಅಕ್ಕನ ಫೋನು ಗುಂಡಿ ಒತ್ತುವ ಫೋನು.

ಅಂದಹಾಗೆ ಮಕ್ಕಳಿಗೂ ಪೋಷಕರಿಗೂ ಕೆಲಸಕ್ಕೆ ಬರುವ ಎರಡು ಮಾತು. 2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದ್ದಾರೆ. ವಿಳಾಸದಾರರ ಕೈಗೇ ಕೊಡಬೇಕಾದ ಕಾಗದವಾದರೆ ಕೌಂಟರಿನಲ್ಲಿ "ರಿಜಿಸ್ಟ್ರೇಷನ್ ಸೇರಿಸಿ" ಎಂದು ಬಾಯಿಬಿಟ್ಟು ಕೇಳಬೇಕು, ಅದಕ್ಕೆ ಐದು ರೂಪಾಯಿ, ಮೇಲೆ ತೆರಿಗೆ. ಕಳೆದ ಅಕ್ಟೋಬರಿನಿಂದ ವಿದ್ಯಾರ್ಥಿಗಳಿಗೆ ಸ್ಪೀಡ್ ಪೋಸ್ಟ್ ದರದಲ್ಲಿ ಶೇಕಡಾ ಹತ್ತು ರಿಯಾಯಿತಿಯೂ ಇದೆ. ಬಸ್ಸಿನಲ್ಲಿ ಕಳಿಸುವುದಾದರೆ ಮೂಲ ದಾಖಲೆ ಕಳಿಸಬೇಡಿ. ಮಾರ್ಕ್ಸ್ ಕಾರ್ಡು, ಡಿ.ಡಿ., ಪಾಸ್‌ಪೋರ್ಟು ಇವು ಕಂಡಕ್ಟರ್ ಜೇಬಿಗೆ ಹೇಳಿದವಲ್ಲ. ಕಾನೂನು ಬದಲಾಗಿದೆ, ಸಾಮಾನು ಪೆಟ್ಟಿಗೆಯ ಗ್ರೀಸ್ ಹಾಗೇ ಇದೆ.

ಮೊಮ್ಮಗಳು ಇಷ್ಟಕ್ಕೇ ಬಿಡಲಿಲ್ಲ. ನನ್ನ ಕವರು ಬಸ್ಸಿನಲ್ಲಿ ಹೋದ ದಿನವೇ ನನ್ನಿಂದ ಐವತ್ತು ಪೈಸೆಯ ಒಂದು ಪೋಸ್ಟ್ ಕಾರ್ಡ್ ತರಿಸಿ, ಸೊರಬದ ಅಜ್ಜಿಗೆ ತಾನೇ ಬರೆದು, ಡಬ್ಬಿಗೆ ಹಾಕಿ ಬಂದಳು. ಯಾರು ಮೊದಲು ಮುಟ್ಟುತ್ತಾರೆ ನೋಡೋಣ ಎಂದು ಪಂದ್ಯ.

ಬಸ್ಸಿನ ಕವರು ಅವತ್ತೇ ಸಂಜೆ ಸೊರಬ ಸೇರಿತು. ಆದರೆ ತಂಗಿಯ ಮನೆಗೆ ಬಂದದ್ದು ಮರುದಿನ ಮಧ್ಯಾಹ್ನ, ಅವಳ ಮಗ ಕೆಲಸ ಬಿಟ್ಟು ಬಸ್ ಸ್ಟ್ಯಾಂಡಿಗೆ ಎರಡು ಸಲ ಹೋಗಿ ಬಂದ ಮೇಲೆ. ಪೋಸ್ಟ್ ಕಾರ್ಡ್ ಮುಟ್ಟಿದ್ದು ಐದನೇ ದಿನ. ಅವತ್ತು ತಂಗಿ ಫೋನ್ ಮಾಡಿ ಮೊಮ್ಮಗಳನ್ನು ಕರೆದು ಹೇಳಿದಳು: "ಕಾರ್ಡು ಬಂತು ಕಣೇ. ನಮ್ಮ ಪೋಸ್ಟಣ್ಣ ದಾರಿಯಲ್ಲೇ ಓದ್ಕೊಂಡು ಬಂದಿದಾನೆ. ಅಂಗಳಕ್ಕೆ ಕಾಲಿಡ್ತಿದ್ದ ಹಾಗೇ, ಪಾಪುಗೆ ಹಲ್ಲುನೋವು ವಾಸಿ ಆಯ್ತಾ ಅಂತ ಕೇಳ್ದ."